ಮೂವತ್ತಕ್ಕೊಂದು ಏರು

ಓದುಗ ಮಿತ್ರರೇ, ಈ ಪ್ರಬಂಧವನ್ನು ನಾನು ನಿಂತುಕೊಂಡು ಬರೆಯುತ್ತಿದ್ದೇನೆ. ಅಡುಗೆಕಟ್ಟೆಯ ಮೇಲೆ ಹಾಳೆ ಹರಡಿದ್ದೇನೆ. ಎಡಕ್ಕೆ ಟೋಸ್ಟರ್, ಬಲಕ್ಕೆ ಮೊನ್ನೆಯ ಸಾರಿನ ಪಾತ್ರೆ. ಕುರ್ಚಿ ಇಲ್ಲವೆಂದಲ್ಲ, ಎರಡಿವೆ. ಆದರೆ ಕೂರುವುದಕ್ಕೆಂದೇ ದೇವರು ಮನುಷ್ಯನಿಗೆ ದಯಪಾಲಿಸಿದ ಅಂಗವು ಕಳೆದ ಶನಿವಾರದಿಂದ ನನ್ನೊಡನೆ ಮಾತು ಬಿಟ್ಟಿದೆ. ದಿಂಬಿಟ್ಟು ನೋಡಿದೆ, ದಿಂಬಿನ ಮೇಲೆ ದಿಂಬಿಟ್ಟು ನೋಡಿದೆ, ಕೊನೆಗೆ ಸೋಫಾದ ಕೈಯ ಮೇಲೆ ಒಂದೇ ಪಾರ್ಶ್ವದಿಂದ ಒರಗಿ ಶೇಷಶಯನನ ಭಂಗಿಯಲ್ಲಿ ಟೀವಿ ನೋಡಿದೆ. ಯಾವುದಕ್ಕೂ ಅದು ಒಲಿಯಲಿಲ್ಲ. ನನಗಿನ್ನೂ ಇಪ್ಪತ್ತೊಂಬತ್ತು. ಈ ವಯಸ್ಸಿಗೆ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯುವವನು ಇಡೀ ಮೆಲ್ಬರ್ನಿನಲ್ಲಿ ನಾನೊಬ್ಬನೇ ಇರಬೇಕು. ಇದಕ್ಕೆಲ್ಲ ಕಾರಣ ಒಂದು ಸೈಕಲ್ಲು, ಹಳಿ ಕಿತ್ತ ಒಂದು ರೈಲು ದಾರಿ, ಮತ್ತು ಅರವತ್ತಾರು ವರ್ಷದ ಮೂರ್ತಿ ಅಂಕಲ್.

ಮೂರ್ತಿ ಅಂಕಲ್ ಎಂದರೆ ನಾನಿರುವ ಮನೆಯ ಒಡತಿಯ ತಂದೆ. ಮಗಳು ವಸುಧಾ ಡಾಕ್ಟರು. ಅವರ ಮನೆಯ ಹಿತ್ತಲಲ್ಲಿ ಒಂದು ಗ್ರಾನಿ ಫ್ಲಾಟ್ ಇದೆ. ಹೆಸರಿಗೆ ತಕ್ಕಂತೆ ಅದರಲ್ಲಿ ಅಜ್ಜಿ ಇರಬೇಕಿತ್ತು, ಆದರೆ ಅಜ್ಜ ಅಜ್ಜಿಯರು ದೊಡ್ಡ ಮನೆಯಲ್ಲಿದ್ದು ಅಜ್ಜಿಯ ಜಾಗದಲ್ಲಿ ನಾನು ಬಾಡಿಗೆಗಿದ್ದೇನೆ. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಮಾಡುವುದು ಡ್ಯಾಂಡಿನಾಂಗಿನ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಅಂಟುಪಟ್ಟಿ ಹಚ್ಚುವ ಕೆಲಸ. ನಾನು ಬಂದಿಳಿದ ವರ್ಷವೇ ಈ ದೇಶಕ್ಕೆ ಆರ್ಥಿಕ ಜ್ವರ ಬಂದಿತ್ತು. ಅದು ನನ್ನ ಕಾಲ್ಗುಣವೆಂದು ನನ್ನ ಸ್ನೇಹಿತರೂ, ಕೇವಲ ಕಾಕತಾಳೀಯವೆಂದು ನಾನೂ ಹೇಳುತ್ತಾ ಬಂದಿದ್ದೇವೆ.

ಅಂಕಲ್ ಮೈಸೂರಿನ ಕಡೆಯ ಮೀಟರ್‌ಗೇಜ್ ದಾರಿಯಲ್ಲಿ ಮೂವತ್ತೈದು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದವರು. ಕ್ವಾರ್ಟರ್ಸಿನ ಬಾಗಿಲಿನಿಂದ ಕಚೇರಿಯ ಕುರ್ಚಿಗೆ ನಲವತ್ತು ಹೆಜ್ಜೆ. ಹಾಗಾಗಿ ಸೈಕಲ್ ಕಲಿಯುವ ಪ್ರಸಂಗವೇ ಅವರಿಗೆ ಒದಗಲಿಲ್ಲ. ಒಮ್ಮೆ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಹೇಳಿದ್ದರು: "ಇಡೀ ಸರ್ವೀಸು ಬೇರೆಯವರನ್ನ ಕಳಿಸಿಕೊಟ್ಟೆ ಕಣಪ್ಪ. ನಾನು ಹೋಗಿದ್ದು ಬಹಳ ಕಮ್ಮಿ." ನಿವೃತ್ತರಾಗಿ ಮಗಳ ಮನೆಗೆ ಬಂದ ಮೇಲೆ ಅದೂ ನಿಂತಿತು. ನಮ್ಮ ಸಬರ್ಬಿನಲ್ಲಿ ಕಾರಿಲ್ಲದವನು ಹೂವಿನ ಕುಂಡಕ್ಕೆ ಸಮ. ಯಾರಾದರೂ ಎತ್ತಿ ಇಟ್ಟ ಕಡೆ ಇರಬೇಕು. ಲೈಬ್ರರಿಗೆ ಮಗಳ ಕಾರು, ದೇವಸ್ಥಾನಕ್ಕೆ ಮಗಳ ಕಾರು, ಕೂದಲು ಕತ್ತರಿಸಿಕೊಳ್ಳಲು ಮಗಳ ಕಾರು, ಮಗಳಿಗೆ ಪುರುಸೊತ್ತಿಲ್ಲದ ವಾರ ಕೂದಲು ಹಾಗೇ. ಒಂದು ದಿನ, ತಮ್ಮ ಅರವತ್ನಾಲ್ಕನೆಯ ವಯಸ್ಸಿನಲ್ಲಿ, ಅಂಕಲ್ ನಡೆದುಕೊಂಡೇ ಹೋಗಿ ಒಂದು ಸೈಕಲ್ ಕೊಂಡು, ಅದನ್ನು ನಡೆಸಿಕೊಂಡೇ ಮನೆಗೆ ಬಂದರು. ಹತ್ತಲು ಬರುತ್ತಿರಲಿಲ್ಲ.

ಕಲಿಸುವ ಭಾರ ನನ್ನ ಮೇಲೆ ಬಿತ್ತು. ನಾನೂ ಎದೆಯುಬ್ಬಿಸಿ ಒಪ್ಪಿಕೊಂಡೆ. ಇಲ್ಲಿ ನನ್ನ ಸೈಕಲ್ ಪಾಂಡಿತ್ಯದ ಬಗ್ಗೆ ಒಂದು ಮಾತು ಹೇಳದಿದ್ದರೆ ನೀವು ನನ್ನನ್ನು ಸುಮ್ಮನೆ ಗೌರವಿಸಿಬಿಡುವ ಅಪಾಯವಿದೆ. ಮೆಲ್ಬರ್ನಿಗೆ ಬರುವ ಮೊದಲು ಒಂದು ವರ್ಷ ನಾನು ಸಿಡ್ನಿಯಲ್ಲಿದ್ದೆ. ಹ್ಯಾರಿಸ್ ಪಾರ್ಕ್‌ನ ಒಂದು ಫ್ಲಾಟಿನಲ್ಲಿ ಐದು ಜನ ಇಂಜಿನಿಯರುಗಳು, ಒಂದು ಕುಕ್ಕರು, ಸಂದರ್ಶನಕ್ಕೆಂದು ಎಲ್ಲರೂ ಸರದಿಯಲ್ಲಿ ಧರಿಸುವ ಒಂದು ಕೋಟು. ಅಲ್ಲಿ ಯಾರದೋ ಗ್ಯಾರೇಜ್ ಸೇಲ್‌ನಲ್ಲಿ ಒಂದು ಹಳೆಯ ಸೈಕಲ್ ಕೊಂಡೆ. ನಮ್ಮ ಮೈಸೂರಿನಲ್ಲಿ ಹುಡುಗಿಯರ ಕಾಲೇಜಿನ ಮುಂದೆ ಹಾದುಹೋಗುವಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿ ಕಿರ್ರ್ ಎಂದು ಸದ್ದು ಮಾಡುವುದು ಒಂದು ಶೃಂಗಾರ ಚೇಷ್ಟೆ; ಸಂಗೀತ ಬಾರದವರ ಕೊಳಲು ಅದು. ಪರಮಟ್ಟಾ ಕಡೆಯ ಒಂದು ಇಳಿಜಾರಿನಲ್ಲಿ, ಬಸ್ ಸ್ಟಾಪಿನಲ್ಲಿ ಇಬ್ಬರು ಯುವತಿಯರು ನಿಂತಿದ್ದರು, ಅಭ್ಯಾಸಬಲದಿಂದ ನಾನು ಪೆಡಲನ್ನು ಹಿಂದಕ್ಕೆ ತಿರುಗಿಸಿದೆ. ಆ ಜಾತಿಯ ಸೈಕಲ್ಲಿಗೆ ಹಿಂದಕ್ಕೆ ತುಳಿಯುವುದೇ ಬ್ರೇಕು ಎಂಬ ಸಂಗತಿ ನನಗೆ ಗಾಳಿಯಲ್ಲಿರುವಾಗ ಹೊಳೆಯಿತು. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಬಸ್ ಸ್ಟಾಪಿನ ಬೆಂಚನ್ನೂ ಒಂದು ಬೇಲಿಯನ್ನೂ ದಾಟಿ ಯಾರದೋ ಲ್ಯಾವೆಂಡರ್ ಪೊದೆಯಲ್ಲಿ ಸುಗಂಧಭರಿತನಾಗಿ ಇಳಿದೆ. ಬೇಲಿಯನ್ನು ದಾಟಿದ್ದು ಸ್ವಲ್ಪ ಉತ್ಪ್ರೇಕ್ಷೆ. ಪೊದೆ ನಿಜ.

ಇಂಥ ಗುರುವಿನ ಕೈಯಲ್ಲಿ ಅಂಕಲ್ ಎರಡು ತಿಂಗಳಲ್ಲಿ ಸೈಕಲ್ ಕಲಿತರು. ಕಲಿತ ಮೇಲೆ ಅವರು ಬೇರೆ ಮನುಷ್ಯರಾದರು. ಲೈಬ್ರರಿಗೆ ಅವರೇ, ಹಾಲಿಗೆ ಅವರೇ, ಬೇಡದಿದ್ದರೂ ಹಾಲಿಗೆ. ಆಯುಧಪೂಜೆಯ ದಿನ ಹೆಂಡತಿ ಕಮಲಾ ಆಂಟಿಯಿಂದ ಸೈಕಲ್ಲಿಗೆ ಕುಂಕುಮ ಹಚ್ಚಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಹೊಸಕಿ, ಪಕ್ಕದ ಮನೆಯವರಿಗೂ ಒಂದು ನಿಂಬೆಹಣ್ಣು ಕೊಟ್ಟು ಬಂದರು. ಆದರೆ ಕಳೆದ ವರ್ಷದ ಕೊನೆಯಲ್ಲಿ ಬಿದ್ದರು. ಎಡಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರು. ಬಿದ್ದದ್ದು ದೊಡ್ಡದಲ್ಲ, ಎರಡು ಬೀದಿಯ ಹಿಂದೆಯೇ ಅವರಿಗೆ ತಲೆ ಸುತ್ತಿತ್ತು, ಆದರೂ ಇಳಿಯಲಿಲ್ಲ, ಮನೆ ತಲುಪಿಬಿಡೋಣವೆಂದು ತುಳಿದರು. ವಸುಧಾ ಅವರನ್ನು ಹೆದರಿಸಿದ್ದು ಮುರಿದ ಮೂಳೆಯಲ್ಲ, ಆ ಎರಡು ಬೀದಿ. ದಿನವೂ ಕ್ಲಿನಿಕ್ಕಿನಲ್ಲಿ ಸೊಂಟ ಮುರಿದುಕೊಂಡು ಬರುವ ವೃದ್ಧರನ್ನು ನೋಡುವವರು ಅವರು. ಸೈಕಲ್ಲಿಗೆ ಬೀಗ ಬಿತ್ತು. ತಂದೆ ಮಗಳ ನಡುವೆ ತಿಂಗಳುಗಟ್ಟಲೆ ಒಂದು ಸಭ್ಯ ಮೌನ ನಡೆಯಿತು. ಊಟಕ್ಕೆ ಕರೆಯುವುದು, ಉಪ್ಪು ಕೇಳುವುದು, ಇಷ್ಟೇ ಅದರ ಸಂಭಾಷಣೆ.

ಕೊನೆಗೆ ಒಂದು ಒಪ್ಪಂದವಾಯಿತು. ಮೆಲ್ಬರ್ನಿನ ಪೂರ್ವಕ್ಕೆ, ಬೆಟ್ಟಗಳ ಕಡೆ, ನಿಂತುಹೋದ ಒಂದು ರೈಲುದಾರಿಯ ಹಳಿಗಳನ್ನು ಕಿತ್ತು ಅದರ ಮೇಲೆ ನುಣ್ಣನೆ ಟಾರು ಹಾಸಿ ಸೈಕಲ್ ಸವಾರರಿಗೆ ಬಿಟ್ಟಿದ್ದಾರೆ. ಕಾರುಗಳಿಲ್ಲ, ಲಾರಿಗಳಿಲ್ಲ, ಎರಡೂ ಬದಿಗೆ ನೀಲಗಿರಿ ಮರಗಳು, ಜರೀಗಿಡಗಳು, ಹಸುಗಳು. ಮೇಲಿನ ಸ್ಟೇಷನ್ನಿನಿಂದ ಕೆಳಗಿನ ಸ್ಟೇಷನ್ನಿಗೆ ಹದಿನೆಂಟು ಕಿಲೋಮೀಟರ್. ಶನಿವಾರ ಬೆಳಿಗ್ಗೆ ವಸುಧಾ ಅಂಕಲ್ಲನ್ನೂ ಅವರ ಕಾವಲಿಗೆಂದು ನನ್ನನ್ನೂ ಸೈಕಲ್ಲುಗಳ ಸಮೇತ ಮೇಲಿನ ಸ್ಟೇಷನ್ನಿನ ಕಾರ್ ಪಾರ್ಕಿನಲ್ಲಿ ಇಳಿಸಿ, ಷರತ್ತನ್ನು ಮತ್ತೊಮ್ಮೆ ಓದಿ ಹೇಳಿದರು.

"ಅಪ್ಪ, ಹೋಗಿ, ವಾಪಸ್ ಬನ್ನಿ. ನಾಲ್ಕು ಗಂಟೆಗೆ ನಾನು ಇದೇ ಜಾಗದಲ್ಲಿ ಇರ್ತೀನಿ. ನಡುವೆ ಎಲ್ಲಿಂದಾದ್ರೂ ನಿಮ್ಮನ್ನ ಎತ್ಕೊಂಡು ಹೋಗೋಕೆ ನನ್ನ ಕಾರ್ ಬರೋ ಹಾಗಾದ್ರೆ, ಸೈಕಲ್ ಸೋಮವಾರ ವಾಪಸ್ ಅಂಗಡಿಗೆ."

ಅಂಕಲ್ ತಲೆಯಾಡಿಸಿದರು. ಅವರ ಹೆಲ್ಮೆಟ್ಟಿನ ಹಿಂಬದಿಗೆ ಆರು ವರ್ಷದ ಮೊಮ್ಮಗಳು ಎರಡು ದೊಡ್ಡ ಕಣ್ಣುಗಳನ್ನು ಬರೆದಿದ್ದಳು. ವಸಂತದಲ್ಲಿ ಇಲ್ಲಿನ ಮ್ಯಾಗ್‌ಪೈ ಹಕ್ಕಿಗಳು ಮರಿ ಕಾಯುವ ಭರದಲ್ಲಿ ಸವಾರರ ತಲೆಗೆ ಹಿಂದಿನಿಂದ ಎರಗುತ್ತವೆ; ಕಣ್ಣು ಕಂಡರೆ ಎರಗುವುದಿಲ್ಲವಂತೆ. ನನಗೂ ಬರೆದುಕೊಡಲು ಬಂದಳು. ನಾನು ಇಂಜಿನಿಯರ್, ಮೂಢನಂಬಿಕೆಗಳಿಂದ ದೂರ ಎಂದೆ. ಆ ಮಾತಿನ ಫಲವನ್ನು ಮೂರನೆಯ ಕಿಲೋಮೀಟರಿನಲ್ಲಿ ಉಂಡೆ. ಒಂದೇ ಹಕ್ಕಿ, ನಾಲ್ಕು ಸಲ. ಅಂಕಲ್ ನಾಲ್ಕು ಕಣ್ಣಿನವರಾಗಿ ಮುಂದೆ ತೇಲುತ್ತಿದ್ದರು.

ಏರಿನ ಬಗ್ಗೆ ನಾನು ವಿಚಾರಿಸಿಯೇ ಇರಲಿಲ್ಲವೆಂದು ನೀವು ತಿಳಿಯಬಾರದು. ವಿಚಾರಿಸಿದ್ದೆ. ಅಂಕಲ್ ನಕ್ಕಿದ್ದರು. ರೈಲು ಎಲ್ಲಾದರೂ ಕಡಿದಾದ ಬೆಟ್ಟ ಹತ್ತುತ್ತದೆಯೇ, ಬೆಟ್ಟದ ದಾರಿಯಲ್ಲೂ ಮೂವತ್ತಡಿ ಹೋದರೆ ಒಂದಡಿ ಏರು, ಅದಕ್ಕಿಂತ ಹೆಚ್ಚಾದರೆ ಎಂಜಿನ್ನು ಜಾರುತ್ತದೆ, ಮೂವತ್ತಕ್ಕೊಂದನ್ನು ಏರು ಎಂದು ಕರೆಯುವುದೇ ಅವಮಾನ ಎಂದು ರೈಲ್ವೆಯ ಪರವಾಗಿ ವಾದಿಸಿದ್ದರು. ಅವರ ಅನುಭವ ಮೂವತ್ತೈದು ವರ್ಷ, ನನ್ನ ಪದವಿ ನಾಲ್ಕು ವರ್ಷ. ಒಟ್ಟು ಮೂವತ್ತೊಂಬತ್ತು ವರ್ಷದ ತಾಂತ್ರಿಕ ಜ್ಞಾನದಲ್ಲಿ ಒಂದು ಸಣ್ಣ ಸಂಗತಿ ಮಾತ್ರ ಯಾರಿಗೂ ಹೊಳೆಯಲಿಲ್ಲ: ಎಂಜಿನ್ನಿನೊಳಗೆ ಕಲ್ಲಿದ್ದಲು ಇರುತ್ತದೆ.

ಹೋಗುವಾಗ ಸ್ವರ್ಗ. ತುಳಿಯುವ ಗೋಜೇ ಇಲ್ಲ. ದಾರಿಯೇ ನಮ್ಮನ್ನು ಕೈಹಿಡಿದು ಕರೆದೊಯ್ಯುತ್ತಿತ್ತು. ಅದು ಇಳಿಜಾರೆಂದು ನಮಗೆ ಅನ್ನಿಸಲೇ ಇಲ್ಲ, ನಮ್ಮ ಕಾಲಿನ ಬಲವೆಂದೇ ಅನ್ನಿಸಿತು. ಎದುರಿನಿಂದ ಏದುಸಿರು ಬಿಡುತ್ತಾ ಬರುತ್ತಿದ್ದವರನ್ನು ಕಂಡು, ಪಾಪ, ಬಿಯರ್ ಕುಡಿದು ಮೈ ಕೆಡಿಸಿಕೊಂಡಿದ್ದಾರೆ ಎಂದು ಮರುಗಿದೆ. ಅಂಕಲ್ ಇಲ್ಲದ ರೈಲನ್ನು ಓದುತ್ತಾ ಸಾಗಿದರು. ಇಲ್ಲಿ ಔಟರ್ ಸಿಗ್ನಲ್ ಇತ್ತು ನೋಡು, ಈ ಗುಂಡಿ ನೀರಿನ ಟ್ಯಾಂಕಿನದು, ಇಲ್ಲಿ ದಾರಿ ಅಗಲವಾಗಿದೆಯಲ್ಲ, ಎರಡು ಗಾಡಿ ಕ್ರಾಸಿಂಗ್ ಆಗುತ್ತಿದ್ದ ಜಾಗ. ಬ್ಲ್ಯಾಕ್‌ಬೆರಿ ಮುಳ್ಳುಗಳ ನಡುವೆ ನನಗೆ ಬರೀ ಹುಲ್ಲು ಕಂಡಲ್ಲಿ ಅವರಿಗೆ ಪ್ಲಾಟ್‌ಫಾರ್ಮು ಕಾಣುತ್ತಿತ್ತು. ಅವರ ಕೊನೆಯ ಸ್ಟೇಷನ್ನನ್ನು ಗೇಜ್ ಬದಲಾಯಿಸುವ ಕಾಲಕ್ಕೆ ಮುಚ್ಚಿದರಂತೆ. ಸೈಕಲ್ ನಿಲ್ಲಿಸದೆಯೇ ಹೇಳಿದರು: "ಅಲ್ಲಿ ಹಳಿ ಕಿತ್ತು ದೊಡ್ಡ ಹಳಿ ಹಾಕಿದ್ರು. ಇಲ್ಲಿ ಹಳಿ ಕಿತ್ತು ನಮ್ಮಂಥೋರನ್ನ ಬಿಟ್ಟಿದಾರೆ. ಇದೇ ವಾಸಿ."

ಕೆಳಗಿನ ಸ್ಟೇಷನ್ನು ತಲುಪಿದಾಗ ಹನ್ನೊಂದೂವರೆ. ಈಗ ನಮ್ಮ ಸರ್ವನಾಶದ ಮೂಲಕ್ಕೆ ಬರುತ್ತೇನೆ. ಕಮಲಾ ಆಂಟಿಗೆ ಸೈಕಲ್ ಎಂದರೆ ಅಷ್ಟಕ್ಕಷ್ಟೆ. ಆದರೆ 'ರೈಲು ದಾರಿ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವರ ಕೈ ತಾನಾಗಿ ಪುಳಿಯೋಗರೆ ಗೊಜ್ಜಿನ ಭರಣಿಯ ಕಡೆ ಹೋಯಿತು. ರೈಲೆಂದ ಮೇಲೆ ಬುತ್ತಿ, ಬುತ್ತಿಯೆಂದ ಮೇಲೆ ನಾಲ್ಕು ಅಂತಸ್ತಿನ ಕ್ಯಾರಿಯರ್. ನಮ್ಮ ಜನ ರೈಲಿನ ಹೆಸರು ಕೇಳಿ ಬರಿಗೈಯಲ್ಲಿ ಹೊರಟ ಉದಾಹರಣೆ ಇದೆಯೇ? ಮೊದಲ ಅಂತಸ್ತಿನಲ್ಲಿ ಪುಳಿಯೋಗರೆ, ಎರಡನೆಯದರಲ್ಲಿ ಚಪಾತಿ ಪಲ್ಯ, ಮೂರನೆಯದರಲ್ಲಿ ಮೊಸರನ್ನ, ನಾಲ್ಕನೆಯದರಲ್ಲಿ ಮತ್ತೂ ಮೊಸರನ್ನ. ಮೊದಲಿನದು ಸಾಲದಿದ್ದರೆ ಎಂದು. ಸಾಸಿವೆ, ಇಂಗು, ಶುಂಠಿ, ದಾಳಿಂಬೆ ಹಾಕಿ ಒಗ್ಗರಿಸಿದ ಆ ಮೊಸರನ್ನವನ್ನು ಹಳೆಯ ಗೂಡ್ಸ್ ಶೆಡ್ಡಿನ ನೆರಳಲ್ಲಿ ಕೂತು ಉಂಡೆವು. ನಾನು ಎರಡೂ ಅಂತಸ್ತು ಮುಗಿಸಿದೆ. ವಾಪಸ್ ಹೊರಲು ಭಾರ ಕಡಿಮೆಯಾಗುತ್ತದೆ ಎಂಬುದು ನನ್ನ ಇಂಜಿನಿಯರಿಂಗ್ ತರ್ಕ. ಭಾರ ಕ್ಯಾರಿಯರಿನಿಂದ ನನ್ನೊಳಗೆ ಸ್ಥಳಾಂತರವಾಯಿತೇ ಹೊರತು ಸೈಕಲ್ಲಿನಿಂದ ಇಳಿಯಲಿಲ್ಲವೆಂಬುದು ಆಮೇಲೆ ತಿಳಿಯಿತು.

ಹನ್ನೆರಡೂಕಾಲಿಗೆ ಸೈಕಲ್ ತಿರುಗಿಸಿದೆವು. ದಾರಿ ಮೊದಲಿನಂತೆಯೇ ಸಮತಟ್ಟಾಗಿ ಕಾಣುತ್ತಿತ್ತು. ಆದರೆ ತುಳಿದರೆ ಹೋಗುವುದಿಲ್ಲ. ಟಯರು ಪಂಕ್ಚರ್ ಇರಬೇಕೆಂದು ಇಳಿದು ನೋಡಿದೆ, ಸರಿಯಾಗಿತ್ತು. ಬ್ರೇಕು ಹಿಡಿದುಕೊಂಡಿರಬೇಕೆಂದು ಚಕ್ರ ತಿರುಗಿಸಿದೆ, ಗಿರ್ರನೆ ತಿರುಗಿತು. ಹಿಂದಿನಿಂದ ಯಾರಾದರೂ ಹಿಡಿದೆಳೆಯುತ್ತಿದ್ದಾರೆಯೇ ಎಂದೂ ನೋಡಿದೆ. ಹಿಂದೆ ಮೂವತ್ತಕ್ಕೊಂದರ ಏರು ಮಾತ್ರವಿತ್ತು. ಮುಂದೆಯೂ ಅದೇ ಇತ್ತು, ಹದಿನೆಂಟು ಕಿಲೋಮೀಟರ್.

ಮಿತ್ರರೇ, ಕಡಿದಾದ ಬೆಟ್ಟಕ್ಕೆ ಒಂದು ಪ್ರಾಮಾಣಿಕತೆ ಇದೆ. ಅದು ಎದುರು ನಿಂತು, ಇಗೋ ನಾನು ಬೆಟ್ಟ ಎನ್ನುತ್ತದೆ. ನೀವು ಬೈಯಬಹುದು, ಇಳಿದು ತಳ್ಳಬಹುದು, ತುದಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಈ ಸೌಮ್ಯ ಏರಿಗೆ ಮುಖವೇ ಇಲ್ಲ. ಸುಸ್ತಾಗುತ್ತದೆ, ಆದರೆ ಯಾಕೆಂದು ಯಾರಾದರೂ ಕೇಳಿದರೆ ಬೊಟ್ಟು ಮಾಡಿ ತೋರಿಸಲು ಒಂದು ದಿಣ್ಣೆಯೂ ಇಲ್ಲ. ಹ್ಯಾಂಡಲ್ಲಿನ ಮೇಲೆ ಹಣೆ ಬಗ್ಗಿಸಿಕೊಂಡು ತುಳಿಯುತ್ತಾ ನನಗೆ ಈ ದೇಶದಲ್ಲಿ ಕಳೆದ ವರ್ಷಗಳು ನೆನಪಾದವು. ಇಲ್ಲಿ ಯಾರೂ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ಅರ್ಜಿಗಳಿಗೆಲ್ಲ ವಿನಯದ ಉತ್ತರಗಳೇ ಬಂದವು, ಕೆಲವು ದಪ್ಪ ಕಾಗದದಲ್ಲಿ. ಊಟಕ್ಕೆ ಕೊರತೆಯಿಲ್ಲ, ಮಲಗಲು ಅಜ್ಜಿಯ ಜಾಗವಿದೆ. ಹೇಳಿಕೊಳ್ಳುವಂಥ ಕಷ್ಟ ಒಂದೂ ಇಲ್ಲ. ಆದರೂ ಸಂಜೆ ಗೋದಾಮಿನಿಂದ ಟ್ರೇನಿನಲ್ಲಿ ಬರುವಾಗ ಕಿಟಕಿಯ ಗಾಜಿಗೆ ತಲೆ ಆನಿಸಿದರೆ, ಎಂಬತ್ತು ವರ್ಷದವನ ಸುಸ್ತು ನನ್ನ ಭುಜದ ಮೇಲೆ ಕೂತಿರುತ್ತದೆ. ಮೂವತ್ತಡಿಗೆ ಒಂದಡಿ. ಅಂಥ ಏರನ್ನು ಏರೆಂದು ಒಪ್ಪಿಕೊಳ್ಳಲು ನಾಚಿಕೆ. ಒಪ್ಪಿಕೊಳ್ಳದೆ ತುಳಿಯಲು ಕಾಲಿಲ್ಲ.

ಅಂಕಲ್ಲಿಗೂ ಸುಸ್ತಾಗಿತ್ತು. ಆದರೆ ಸುಸ್ತೆಂದು ಹೇಳಿದರೆ ಸೈಕಲ್ ಹೋಗುತ್ತದಲ್ಲ. ಆದ್ದರಿಂದ ಅವರಿಗೆ ಇದ್ದಕ್ಕಿದ್ದಂತೆ ಪ್ರಕೃತಿಪ್ರೇಮ ಉಕ್ಕಿತು. ಪ್ರತಿ ಮೋರಿಯ ಹತ್ತಿರ ಇಳಿದು ಕಲ್ಲಿನ ಕೆಲಸ ಪರೀಕ್ಷಿಸಿದರು, ಒಂದೊಂದು ಜರೀಗಿಡವನ್ನೂ ಬಂಧುವಿನಂತೆ ಮಾತಾಡಿಸಿದರು. ನಾನು ಶೂ ದಾರ ಕಟ್ಟಿಕೊಳ್ಳಲು ನಿಲ್ಲುತ್ತಿದ್ದೆ. ನನ್ನ ಶೂಗೆ ದಾರವಿರಲಿಲ್ಲ, ಅಂಟುವ ಪಟ್ಟಿಯಿತ್ತು. ಅದನ್ನು ಅವರು ಗಮನಿಸಿದರು, ಆದರೆ ಸ್ಟೇಷನ್ ಮಾಸ್ಟರರಿಗೆ ತಕ್ಕ ಗಾಂಭೀರ್ಯದಿಂದ ಸುಮ್ಮನಿದ್ದರು. ನಮ್ಮಿಬ್ಬರನ್ನೂ ದಾಟಿಕೊಂಡು, ಎಪ್ಪತ್ತು ದಾಟಿದ ಗಂಡ ಹೆಂಡತಿ, ಇಬ್ಬರಿಗೂ ಬೆಳ್ಳಿ ಕೂದಲು, ಹರಟುತ್ತಾ, ಲವ್ಲಿ ಡೇ ಎನ್ನುತ್ತಾ ತೇಲಿಹೋದರು. ನಾನು ಹಲ್ಲು ಬಿಟ್ಟೆ. ಉಸಿರು ಬಿಡಲು ಆಗುತ್ತಿರಲಿಲ್ಲ.

ಮೇಲಿನ ಸ್ಟೇಷನ್ನಿಗೆ ಇನ್ನು ಆರು ಕಿಲೋಮೀಟರ್ ಇರುವಾಗ ದಾರಿ ಒಂದು ರಸ್ತೆಯನ್ನು ದಾಟುತ್ತದೆ. ಮೂಲೆಯಲ್ಲಿ ಒಂದು ಸಣ್ಣ ಅಂಗಡಿ, ಅದರ ಮುಂದೆ ಫೋನ್ ಬೂತು. ಅಲ್ಲಿ ನನ್ನ ಎರಡೂ ಮೀನಖಂಡಗಳು ಒಟ್ಟಿಗೆ ಕಲ್ಲಾದವು. ಇಳಿಯಲು ಕಾಲು ನೆಲಕ್ಕೆ ಊರಿದೆ, ಕಾಲು ಅಲ್ಲಿರಲಿಲ್ಲ. ಸೈಕಲ್ ಸಮೇತ ಹುಲ್ಲಿನ ಮೇಲೆ ನಿಧಾನವಾಗಿ, ಕಡಿದ ಮರ ಬೀಳುವಂತೆ, ಬಿದ್ದೆ. ಎರಡು ಅಂತಸ್ತಿನ ಮೊಸರನ್ನ ಒಳಗಿನಿಂದ ಮೇಲೆ ಬಂದು ಲೋಕವನ್ನೊಮ್ಮೆ ನೋಡಿ ಹೋಗುವುದಾಗಿ ಹೆದರಿಸಿತು. ಅಂಕಲ್ ಕಾಲು ತಿಕ್ಕಿದರು, ನೀರು ಕುಡಿಸಿದರು. ಅರ್ಧ ಗಂಟೆ ಕಳೆಯಿತು. ಎದ್ದು ನಿಂತರೆ ಮತ್ತೆ ಕಲ್ಲು. ಅಂಕಲ್ ಜೇಬಿನಲ್ಲಿ ಚಿಲ್ಲರೆ ಹುಡುಕತೊಡಗಿದಾಗ ನನಗೆ ಗಾಬರಿಯಾಯಿತು. ಕಾವಲಿಗೆಂದು ಬಂದವನು ನಾನು; ಅವರ ಸೈಕಲ್ಲನ್ನು ಕಳೆಯುವವನೂ ನಾನೇ ಆಗಬೇಕೆ?

"ಅಂಕಲ್, ಫೋನ್ ಮಾಡ್ಬೇಡಿ. ಇನ್ನೊಂದು ಹತ್ತು ನಿಮಿಷ ಮಲಗಿದ್ರೆ ಸರಿ ಹೋಗ್ತೀನಿ."

"ಅರ್ಧ ಗಂಟೆ ಹಿಂದೇನೂ ಇದೇ ಹೇಳ್ದೆ. ಗಾಡಿ ಫೇಲ್ ಆದ್ರೆ ಕಂಟ್ರೋಲ್‌ಗೆ ತಿಳಿಸ್ಬೇಕಪ್ಪ, ಮುಚ್ಚಿಡಬಾರ್ದು."

"ನಿಮ್ಮ ಸೈಕಲ್ ಹೋಗತ್ತಲ್ಲ."

"ಹೋದ್ರೆ ಹೋಗ್ಲಿ, ಅದು ಸೈಕಲ್ಲು. ಇದು ಕಾಲು," ಎಂದು ಹೇಳಿ ಅಂಕಲ್ ಬೂತಿನೊಳಗೆ ಹೋದರು. ಹೋಗುವಾಗ ಸ್ವಲ್ಪ ತೂರಾಡಿದರು. ಬಾಗಿಲು ಹಿಡಿದುಕೊಂಡು ನಿಂತು, ಆಮೇಲೆ ನಂಬರು ಒತ್ತಿದರು.

ವಸುಧಾ ಮುಕ್ಕಾಲು ಗಂಟೆಯಲ್ಲಿ ಬಂದರು. ನನ್ನ ಮೀನಖಂಡವನ್ನು ಒತ್ತಿದರು, ನಾನು ಮೈಸೂರಿಗೆ ಕೇಳುವಂತೆ ಕೂಗಿದೆ, ಅವರು ಅದನ್ನು ವೈದ್ಯಕೀಯ ಮಾಹಿತಿಯಾಗಿ ಸ್ವೀಕರಿಸಿದರು. ನನ್ನನ್ನೂ ನನ್ನ ಸೈಕಲ್ಲನ್ನೂ ಕಾರಿಗೆ ತುಂಬಿದ ಮೇಲೆ ತಂದೆಯ ಕಡೆ ತಿರುಗಿ ಹತ್ತಲು ಹೇಳಿದರು. ಅಂಕಲ್ ಅಷ್ಟರಲ್ಲಿ ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು.

"ಕರೆಸಿದ್ದು ಇವನಿಗೆ. ನನಗಲ್ಲ. ನಾನು ಮೇಲೆ ಬರ್ತೀನಿ."

"ಅಪ್ಪ, ಸಾಕು. ಮುಖ ನೋಡ್ಕೊಳ್ಳಿ ಹೇಗಾಗಿದೆ."

"ಆರೇ ಕಿಲೋಮೀಟರು ವಸು."

"ಸುಸ್ತಾದ್ರೆ ನಿಲ್ತೀರಾ?"

"ನಿಲ್ತೀನಿ."

"ನೀವು ನಿಲ್ಲಲ್ಲ," ಎಂದರು ವಸುಧಾ. ಸಿಟ್ಟಿರಲಿಲ್ಲ, ದಣಿವಿತ್ತು. "ಯಾವತ್ತು ನಿಂತಿದೀರಿ ನೀವು."

ಅಂಕಲ್ ಸೈಕಲ್ಲನ್ನು ದಾರಿಯ ಕಡೆ ತಿರುಗಿಸಿದರು. ವಸುಧಾ ಒಂದು ನಿಮಿಷ ಕಾರಿನ ಬಾಗಿಲು ಹಿಡಿದು ನಿಂತಿದ್ದವರು, ಅಂಗಡಿಗೆ ಹೋಗಿ ನೀರಿನ ಬಾಟಲು ತುಂಬಿಸಿಕೊಂಡು ಬಂದು ಅವರ ಸೈಕಲ್ಲಿಗೆ ಸಿಕ್ಕಿಸಿದರು. ಅಂಕಲ್ ಹೊರಟರು. ಮೊಮ್ಮಗಳು ಬರೆದ ಕಣ್ಣುಗಳು ನಮ್ಮನ್ನೇ ನೋಡುತ್ತಾ ತಿರುವಿನಲ್ಲಿ ಮರೆಯಾದವು.

ಮೇಲಿನ ಸ್ಟೇಷನ್ನಿನಲ್ಲಿ ಕಾರ್ ಪಾರ್ಕಿನ ಪಕ್ಕಕ್ಕೆ ಹಳೆಯ ಪ್ಲಾಟ್‌ಫಾರ್ಮಿನ ಕಲ್ಲಿನ ಅಂಚು ಹಾಗೇ ಇದೆ. ವಸುಧಾ ಅದರ ಮೇಲೆ ನಿಂತರು. ನಾನು ಕಾರಿನ ಹಿಂದಿನ ಸೀಟಿನಲ್ಲಿ ಬಾಗಿಲು ತೆರೆದು ಮಲಗಿ, ಕಾಲನ್ನು ಹೊರಗೆ ಚಾಚಿ, ನನ್ನ ಅಪರಾಧವನ್ನು ಧ್ಯಾನಿಸಿದೆ. ನಾಲ್ಕಾಯಿತು. ನಾಲ್ಕೂವರೆಯಾಯಿತು. ಬರುವ ಪ್ರತಿ ಸೈಕಲ್ಲಿಗೂ ವಸುಧಾ ಹಿಮ್ಮಡಿ ಎತ್ತಿ ನೋಡುತ್ತಿದ್ದರು, ಬಂದವರು ಯಾರೋ ಆಗಿರುತ್ತಿದ್ದರು. ಕಾರು ತೆಗೆದುಕೊಂಡು ಹೋಗಿ ನೋಡೋಣವೇ ಎಂದೆ. ಕಾರು ಹೋಗುವ ದಾರಿಯಲ್ಲ ಅದು ಎಂದರು. ವಾಚು ನೋಡಿಕೊಂಡು, ಹೋದರೆ ನಾನೇ ಹೋಗಿ ಅವರನ್ನು ಸೋಲಿಸಿದ ಹಾಗೆ, ಐದರವರೆಗೂ ನೋಡುತ್ತೇನೆ ಎಂದರು.

ಕಾಯುವವರು ಮಾತಾಡುತ್ತಾರೆ. ಚಿಕ್ಕವರಿದ್ದಾಗ ಶಾಲೆ ಮುಗಿಸಿ ವಸುಧಾ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಅಪ್ಪನಿಗೆ ಕಾಯುತ್ತಿದ್ದರಂತೆ. ಈ ಗಾಡಿ ಹೋಗಲಿ, ಬರುತ್ತೇನೆ ಎನ್ನುತ್ತಿದ್ದರಂತೆ ಅಪ್ಪ. ಆ ಗಾಡಿಯ ಹಿಂದೆ ಇನ್ನೊಂದು ಗಾಡಿ ಇರುತ್ತಿತ್ತು. ಜ್ವರವಿದ್ದ ದಿನವೂ ಹಸಿರು ಬಾವುಟ ಹಿಡಿದು ಬೆನ್ನು ನೆಟ್ಟಗೆ ಮಾಡಿ ನಿಂತಿರುತ್ತಿದ್ದರು, ಗಾಡಿಯ ಕೊನೆಯ ಡಬ್ಬಿ ಕಣ್ಮರೆಯಾಗುವವರೆಗೂ. ಆಮೇಲೆ ಗೋಡೆ ಹಿಡಿದುಕೊಂಡು ಒಳಗೆ ಬರುವುದನ್ನು ಇವರೊಬ್ಬರೇ ನೋಡುತ್ತಿದ್ದದ್ದು. ಇಷ್ಟು ಹೇಳಿ ವಸುಧಾ ಪ್ಲಾಟ್‌ಫಾರ್ಮಿನ ತುದಿಯವರೆಗೂ ನಡೆದು, ಅಲ್ಲೇ ನಿಂತರು. ನಾನು ಸುಮ್ಮನೆ ಕಾಲು ತಿಕ್ಕಿಕೊಂಡೆ.

ಐದಕ್ಕೆ ಹತ್ತು ನಿಮಿಷವಿರುವಾಗ ಅಂಕಲ್ ಬಂದರು. ತಿರುವಿನಿಂದ ಸೈಕಲ್ ತುಳಿಯುತ್ತಲೇ, ಬೆನ್ನು ನೆಟ್ಟಗೆ, ಗಂಟೆ ಬಾರಿಸುತ್ತಾ ಬಂದರು. ಎರಡು ಗಂಟೆಯ ಹಿಂದಿನದಕ್ಕಿಂತ ಮುಖ ಚೆನ್ನಾಗಿತ್ತು. ನಾನು ಕುಂಟುತ್ತಾ ಹೋಗಿ ಚಪ್ಪಾಳೆ ತಟ್ಟಿದೆ. ವಸುಧಾ ತಂದೆಯ ಮಣಿಕಟ್ಟು ಹಿಡಿದು ನಾಡಿ ನೋಡಿದರು, ಗಡಿಯಾರ ನೋಡಿದರು, ಆಮೇಲೆ ಸೆರಗಿಲ್ಲದ ಕಾರಣ ಜಾಕೆಟ್ಟಿನ ತೋಳಿನಿಂದ ಕಣ್ಣೊರೆಸಿಕೊಂಡರು. ಅಲ್ಲಿಗೆ ಮುಗಿಯಬಹುದಿತ್ತು. ಅಂಕಲ್ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು.

"ವಸು, ಒಂದು ಮಾತು," ಎಂದರು ಅವರು. "ನಡುವೆ ಒಂದು ದೊಡ್ಡ ಸೇತುವೆ ಇದೆ, ಅಲ್ಲಿಂದ ಈ ತಿರುವಿನ ಗೇಟ್‌ವರೆಗೂ ನಾನು ತುಳಿದಿಲ್ಲ. ಒಬ್ಬ ರೈತ ತನ್ನ ಯೂಟ್ ಟ್ರಕ್‌ನಲ್ಲಿ ಕೂರಿಸಿಕೊಂಡು ಬಂದ. ಹಿಂದುಗಡೆ ಎರಡು ಕುರಿ ಇತ್ತು, ಸೈಕಲ್ಲೂ ಅದರ ಜೊತೇಲೇ. ತುಳಿದಿದ್ದು ಈ ತಿರುವಿನಿಂದ ಇಲ್ಲಿಗಷ್ಟೇ."

ನಾನು ತಟ್ಟುತ್ತಿದ್ದ ಚಪ್ಪಾಳೆ ನಡುವಿನಲ್ಲೇ ನಿಂತಿತು. ಅಂಕಲ್ ಸೈಕಲ್ಲಿನ ಹ್ಯಾಂಡಲ್ಲನ್ನು ಮಗಳ ಕಡೆಗೆ ತಿರುಗಿಸಿ, ತೆಗೆದುಕೋ ಎನ್ನುವಂತೆ ಮುಂದೆ ಮಾಡಿದರು.

"ಅವನಾಗೇ ನಿಲ್ಲಿಸಿದ್ನಾ?" ಎಂದು ಕೇಳಿದರು ವಸುಧಾ.

"ನಾನು ಬೇಲಿ ಪಕ್ಕ ಕೂತಿದ್ದೆ. ಅವನ ಹೊಲದ ಗೇಟು ಅಲ್ಲೇ. ಯೂ ರೈಟ್ ಮೇಟ್, ಹುಷಾರಾಗಿದೀಯಾ ಅಂದ. ಎಲ್ಲರೂ ಕೇಳ್ತಾರಲ್ಲ, ನಾವೂ ಎಸ್ ಎಸ್ ಅಂದುಬಿಡ್ತೀವಲ್ಲ. ನಾನು ನೋ ಅಂದೆ. ಇಲ್ಲಪ್ಪ, ತುಂಬ ಸುಸ್ತಾಗಿದೆ, ಇನ್ನು ಆಗಲ್ಲ ಅಂದೆ."

ಗಾಳಿಗೆ ನೀಲಗಿರಿಯ ತೊಗಟೆಯೊಂದು ಕಳಚಿ ಪ್ಲಾಟ್‌ಫಾರ್ಮಿನ ಮೇಲೆ ಬಿತ್ತು. ಈ ದೇಶದಲ್ಲಿ ಆ ಪ್ರಶ್ನೆಯನ್ನು ನನಗೆ ದಿನಕ್ಕೆ ಹತ್ತು ಸಲ ಕೇಳುತ್ತಾರೆ; ಗೋದಾಮಿನಲ್ಲಿ, ಟ್ರೇನಿನಲ್ಲಿ, ಲ್ಯಾವೆಂಡರ್ ಪೊದೆಯೊಳಗಿನಿಂದ ತಲೆಯೆತ್ತಿದಾಗಲೂ ಕೇಳಿದ್ದರು. ನಿಜವಾದ ಉತ್ತರ ಕೊಡಬಹುದೆಂಬುದು ನನಗೆ ಹೊಳೆದೇ ಇರಲಿಲ್ಲ.

"ಒಟ್ಟಿನಲ್ಲಿ ಅದು ನನ್ನ ಕಾರಲ್ಲ," ಎಂದರು ವಸುಧಾ ಕೊನೆಗೆ.

"ಅದು ಸರಿ. ಆದ್ರೆ..."

"ಆದ್ರೆ ಏನಿಲ್ಲ ಅಪ್ಪ. ಆಗಲ್ಲ ಅಂತ ಹೇಳಿದ್ರಲ್ಲ ಒಬ್ಬರ ಹತ್ರ. ನಂಗೆ ಬೇಕಾಗಿದ್ದು ಅಷ್ಟೇ."

ಮನೆಯ ಕಡೆ ಹೊರಟೆವು. ಅಂಕಲ್ ಮುಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋದರು. ತಿರುವುಗಳಲ್ಲಿ ಅವರ ತಲೆ ಕಿಟಕಿಗೆ ಬಡಿಯದಂತೆ ವಸುಧಾ ಕಾರನ್ನು ಬಹಳ ನಿಧಾನವಾಗಿ ಓಡಿಸಿದರು, ಹಿಂದಿನ ಕಾರುಗಳು ಹಾರ್ನ್ ಮಾಡಿದರೂ. ನಾನು ಹಿಂದೆ ಪಕ್ಕಕ್ಕೆ ಮಲಗಿ, ಯಾರಾದರೂ ನನ್ನನ್ನು ಕೇಳಲಿ ಎಂದು ಕಾಯುತ್ತಿದ್ದೆ. ಯಾರೂ ಕೇಳಲಿಲ್ಲ. ಕೊನೆಗೆ ನಾನೇ, ವಸುಧಾ, ನಂಗೂ ತುಂ‍ಬ ಸುಸ್ತಾಗಿದೆ ಎಂದೆ. ಗೊತ್ತು, ಮಲಕ್ಕೊಳ್ಳಿ ಎಂದರು. ಕನ್ನಡಿಯಲ್ಲಿ ನೋಡಲೂ ಇಲ್ಲ. ಆದರೂ ಏನೋ ಒಂದು ಇಳಿದ ಹಾಗಾಯಿತು.

ಮನೆ ಮುಟ್ಟಿದಾಗ ಅಂಕಲ್ ಎಚ್ಚರಗೊಂಡಿರಲಿಲ್ಲ. ವಸುಧಾ ಅವರನ್ನು ಎಬ್ಬಿಸಲಿಲ್ಲ. ಮೊದಲು ಸೈಕಲ್ಲನ್ನು ಇಳಿಸಿ ಗೋಡೆಗೆ ಒರಗಿಸಿದರು. ಆಮೇಲೆ, ಮಣಿಕಟ್ಟು ಮುರಿದ ದಿನದಿಂದ ತಮ್ಮ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದ ಅದರ ಬೀಗದ ಕೈಯನ್ನು ತೆಗೆದು, ನಿದ್ದೆಯಲ್ಲಿದ್ದ ಅಪ್ಪನ ಅಂಗಿಯ ಜೇಬಿಗೆ ಹಾಕಿದರು.